ಎಂಎಸ್ಸಿ ಕೆಮಿಸ್ಟ್ರಿಯವ್ರು ಓಪನ್ ಎಲೆಕ್ಟಿವ್ ಯಾವ್ದು ತಗೋಬೇಕ್ರಿ? ಶುಕ್ರವಾರ ಲಾಸ್ಟ್ ಡೇಟ್

ಕಾರಟಗಿ ಹುಡುಗಿ
ಎಲ್ರಿಗೂ ನಮಸ್ಕಾರ ರೀ. ನಾನು ಬಳ್ಳಾರಿಯಾಗ ಎಂಎಸ್ಸಿ ಕೆಮಿಸ್ಟ್ರಿ ಮಾಡಾಕತ್ತೀನಿ, ಈಗ ಸೆಕೆಂಡ್ ಸೆಮ್. ಈ ಸೆಮ್‌ನಾಗ ಒಂದು ಪೇಪರ್ ಬೇರೆ ಡಿಪಾರ್ಟ್‌ಮೆಂಟಿಂದು ತಗೊಳ್ಳಲೇಬೇಕಂತ ಲಿಸ್ಟ್ ಹಚ್ಚ್ಯಾರ. ಇತಿಹಾಸದವ್ರದು ನಮ್ಮ ಭಾಗದ ಹಳೇ ನೆಲೆಗಳ ಬಗ್ಗೆ ಒಂದು ಐತಿ, ಕಾಮರ್ಸ್‌ನವ್ರದು ಷೇರು, ಮ್ಯೂಚುವಲ್ ಫಂಡ್, ಟ್ಯಾಕ್ಸ್ ಅಂತ ಒಂದು, ಬೇಸಿಕ್ ಸ್ಟ್ಯಾಟಿಸ್ಟಿಕ್ಸ್ ಒಂದು, ಕನ್ನಡದ್ದು ಒಂದು. ನಮ್ಮ ಕ್ಲಾಸಿನವ್ರೆಲ್ಲ ಕಾಮರ್ಸ್ ಕಡೆನೇ ಓಡಾಕತ್ತಾರ, ಅಲ್ಲಿ ಮಾರ್ಕ್ಸ್ ಛಲೋ ಬೀಳ್ತಾವ ಅಂತ ಸೀನಿಯರ್ಸ್ ಹೇಳ್ಯಾರಂತ. ನನಗ ಮನಸು ಇತಿಹಾಸದ ಮ್ಯಾಲೈತಿ, ಆದ್ರ ಪಿಯುಸಿಯಿಂದ ಬರೇ ಸೈನ್ಸ್ ಓದಿದಾಕಿ ನಾ, ನಾಕು ಪುಟ ಉತ್ತರ ಬರ್ದು ರೂಢಿನೇ ಇಲ್ಲ, ಕನ್ನಡದಾಗ ಬರೀಬೇಕೋ ಇಂಗ್ಲಿಷ್‌ನಾಗೋ ಅದೂ ಗೊತ್ತಿಲ್ಲ. ಅಪ್ಪಗ ಫೋನ್ ಹಚ್ಚಿ ಕೇಳಿದ್ರ "ಇತಿಹಾಸ ಓದಾಕ ಅಷ್ಟು ಫೀ ಕಟ್ಟಿ ಕೆಮಿಸ್ಟ್ರಿಗೆ ಯಾಕ್ ಸೇರಿಸ್ಬೇಕಿತ್ತವ್ವಾ" ಅಂದ್ರು. ಮಾರ್ಕ್ಸ್ ಟೋಟಲ್‌ಗೆ ಕೂಡ್ತಾವ, ಅದೇ ಹೆದ್ರಿಕಿ. ಯಾರಾದ್ರೂ ಬೇರೆ ಸಬ್ಜೆಕ್ಟ್ ತಗೊಂಡವ್ರು ಇದ್ರ ಹೇಳ್ರಿ.

ಸಿರುಗುಪ್ಪ ಸೀನ
ಇದಕ್ಯಾಕಕ್ಕ ಇಷ್ಟ್ ತಲೆ ಕೆಡಿಸ್ಕೊಂತಿ, ಎಲ್ಲಿ ಅಟೆಂಡೆನ್ಸ್ ಕೇಳಲ್ವೋ ಅದನ್ನ ತಗೊಂಡುಬಿಡು 😄

ಲ್ಯಾಬ್ ಮಂಜ, ತೋರಣಗಲ್ಲು
ತಂಗಿ, ನಾನೂ ಕೆಮಿಸ್ಟ್ರಿನೇ, ಈ ಕಡೆ ಒಂದು ಪ್ಲಾಂಟ್ ಲ್ಯಾಬ್‌ನಾಗ ಕೆಲ್ಸ ಮಾಡ್ತೀನಿ. ಕಣ್ ಮುಚ್ಕೊಂಡು ಸ್ಟ್ಯಾಟಿಸ್ಟಿಕ್ಸ್ ತಗೋ. ಕಬ್ಬಿಣದ ಅದಿರು ಸ್ಯಾಂಪಲ್ ಬರುತ್ತೆ, ಒಣಗಿಸಿ, ಪುಡಿ ಮಾಡಿ, ಎಕ್ಸ್‌ಆರ್‌ಎಫ್ ಮಷಿನ್‌ಗೆ ಇಟ್ರೆ ಐರನ್ ಎಷ್ಟು, ಸಿಲಿಕಾ ಎಷ್ಟು, ಅಲ್ಯೂಮಿನಾ ಎಷ್ಟು ಅಂತ ಮಷಿನ್ನೇ ಹೇಳಿಬಿಡುತ್ತೆ, ಅಲ್ಲಿ ಕೆಮಿಸ್ಟ್ರಿ ಬಾಳ ಏನಿರಲ್ಲ. ತಲೆನೋವು ಶುರುವಾಗೋದು ಆಮೇಲೆ. ಒಂದೇ ಗುಡ್ಡೆಯಿಂದ ತಗೊಂಡ ಎರಡು ಸ್ಯಾಂಪಲ್ ಬೇರೆ ಬೇರೆ ರಿಸಲ್ಟ್ ಕೊಟ್ರೆ ತಪ್ಪು ಸ್ಯಾಂಪಲ್ ತೆಗೆದವನದಾ, ಮಷಿನ್‌ದಾ, ಇಲ್ಲ ಅದಿರೇ ಹಂಗಿದೆಯಾ ಅಂತ ಶಿಫ್ಟ್ ಇನ್‌ಚಾರ್ಜ್ ನಮ್ಮನ್ನ ಕೇಳ್ತಾರೆ. ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದ್ರೇನು, ಕಂಟ್ರೋಲ್ ಚಾರ್ಟ್ ಮೇಲೆ ಒಂದು ಚುಕ್ಕಿ ಗೆರೆ ದಾಟಿದ್ರೆ ಏನರ್ಥ, ಇದು ಗೊತ್ತಿರೋರು ಬಾಯಿ ಬಿಡ್ತಾರೆ, ಗೊತ್ತಿಲ್ದೋರು ಮಷಿನ್ ಮತ್ತೆ ರನ್ ಮಾಡ್ತಾ ಕೂರ್ತಾರೆ. ಇಂಟರ್‌ವ್ಯೂನಾಗೂ ಕೇಳ್ತಾರೆ. ಷೇರು ಮಾರ್ಕೆಟ್ ಯೂಟ್ಯೂಬ್‌ನಾಗ ಕಲಿಬೋದು, ಇತಿಹಾಸ ರಿಟೈರ್ ಆದ್ಮೇಲೂ ಓದ್ಬೋದು.

ಕುಡತಿನಿ ಮಾಸ್ತರ
ಮಂಜಣ್ಣಾ, ರಿಟೈರ್ ಆದ್ಮೇಲೆ ಓದೋ ಸಬ್ಜೆಕ್ಟ್ ಅಲ್ಲಪ್ಪ ಅದು, ನೀನು ದಿನಾ ಡ್ಯೂಟಿಗೆ ಹೋಗೋ ರೋಡಲ್ಲೇ ಇರೋದು.

ಹೆಣ್ಮಗಳೇ, ಬಳ್ಳಾರಿ ಹೊಸಪೇಟೆ ರೋಡಲ್ಲಿ ನಮ್ಮ ಕುಡತಿನಿ ಹತ್ರ ಬೂದಿದಿಬ್ಬ ಇದೆ. ಹೊಸಶಿಲಾಯುಗದ್ದು, ಅಂದ್ರೆ ನಾಲ್ಕು ಸಾವಿರ ವರ್ಷದಷ್ಟು ಹಳೇದು. ಇಂಥವು ಈ ಸೀಮೆ ತುಂಬ ಇದಾವೆ, ಹಂಪಿ ಹತ್ರ ನಿಂಬಾಪುರದಲ್ಲಿರೋದನ್ನ ವಾಲಿಯನ್ನ ಸುಟ್ಟ ಬೂದಿ ಅಂತಾರೆ ಊರೋರು. ಬ್ರಿಟಿಷರ ಕಾಲದಲ್ಲಿ ಇದರ ಮೇಲೆ ದೊಡ್ಡ ಜಗಳ, ಜ್ವಾಲಾಮುಖಿ ಬೂದಿ ಅಂದ್ರು ಒಬ್ರು, ಲೋಹ ಕರಗಿಸಿದ ಕಿಟ್ಟ ಅಂದ್ರು ಇನ್ನೊಬ್ರು. ಯಾಕಂದ್ರೆ ಆ ಬೂದಿಯೊಳಗೆ ಗಾಜಿನ ಹಂಗೆ ಕರಗಿ ಗಟ್ಟಿಯಾದ ಹೆಂಟೆಗಳು ಸಿಗ್ತಾವೆ, ಕೈಯಾಗ ಹಿಡಿದ್ರೆ ತೂತು ತೂತು, ಹಗುರ. ಕೊಟ್ಟಿಗೆಯಲ್ಲಿ ಗುಡ್ಡೆ ಹಾಕಿದ ಸಗಣಿ ಸುಟ್ಟಿದ್ದು ಇದು ಅಂತ ರಾಬರ್ಟ್ ಬ್ರೂಸ್ ಫೂಟ್ ಹೇಳಿದ, ಅವನು ಜಿಯಾಲಜಿಕಲ್ ಸರ್ವೆಯ ಮನುಷ್ಯ, ಇತಿಹಾಸದವನೇ ಅಲ್ಲ. ಆಮೇಲೆ 1960ರ ಹೊತ್ತಿಗೆ ಝಾಯ್ನರ್ ಅಂತ ಒಬ್ಬರು ಅದನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿ ಸಗಣಿ ಬೂದಿನೇ ಅಂತ ತೋರಿಸಿದ್ರು. ದನ ತಿಂದ ಹುಲ್ಲಿನೊಳಗಿನ ಸಿಲಿಕಾ ಜಾಸ್ತಿ ಬಿಸಿಗೆ ಕರಗಿ ಗಾಜಾಗಿದೆ. ಸಿಲಿಕಾ ಯಾವ ಟೆಂಪರೇಚರ್‌ಗೆ ಕರಗುತ್ತೆ, ಬೂದಿಯಲ್ಲಿರೋ ಕ್ಷಾರ ಆ ಟೆಂಪರೇಚರ್‌ನ ಹೆಂಗೆ ಕೆಳಗಿಳಿಸುತ್ತೆ, ಇದನ್ನ ಎಂಎ ಹಿಸ್ಟರಿ ಹುಡುಗರಿಗೆ ಹೇಳೋಕೆ ನಾನು ಒದ್ದಾಡ್ತೀನಿ, ನಿನಗೆ ಅದು ನೀರು ಕುಡಿದಂಗೆ.

ಮಸ್ಕಿ ಶಾಸನ ತಗೋ. ಶಾಸನಗಳಲ್ಲಿ ಬರೋ ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಲೋಕಕ್ಕೆಲ್ಲ ಗೊತ್ತಾಗಿದ್ದು ಅದರಿಂದ, ಅದರಲ್ಲಿ ಅಶೋಕ ಅನ್ನೋ ಹೆಸರೇ ಇದೆ, 1915ರಲ್ಲಿ ಅದನ್ನ ಕಂಡಿದ್ದು ಬೀಡನ್ ಅಂತ ಚಿನ್ನ ಹುಡುಕ್ತಿದ್ದ ಎಂಜಿನಿಯರ್. ಬಳ್ಳಾರಿ ಪಕ್ಕದ ಸಂಗನಕಲ್ಲಲ್ಲಿ ಡಾಲರೈಟ್ ಅನ್ನೋ ಗಟ್ಟಿ ಕರಿ ಕಲ್ಲಿನ ಕೊಡಲಿ ಮಾಡ್ತಿದ್ರು, ಬಳ್ಳಾರಿ ಊರಲ್ಲೇ ಅದರ ಮ್ಯೂಸಿಯಂ ಇದೆ, ಹಾಸ್ಟೆಲ್‌ನಿಂದ ಆಟೋದಲ್ಲಿ ಹೋಗಿ ನೋಡ್ಕೊಂಡು ಬಾ, ಆಮೇಲೆ ಫಾರ್ಮ್ ತುಂಬು. ಉದ್ದ ಉತ್ತರದ ಭಯ ಬಿಡು, ಪಾಯಿಂಟ್ ಹಿಡಿದು ಬರೆಯೋ ಸೈನ್ಸ್ ಮಕ್ಕಳ ಪೇಪರ್ ತಿದ್ದೋಕೆ ನಮಗೇ ಖುಷಿ.

ರಾಯಚೂರು ಗೆಸ್ಟ್
ಮಾಸ್ತರ್ ಹೇಳಿದ್ದು ಕೇಳಿ ನಂಗೇ ಹೋಗಿ ಸೇರಬೇಕನ್ನಿಸ್ತು, ಆದ್ರ ಒಂದೆರಡು ಮಾತು ಸ್ಪಷ್ಟ ಇರ್ಲಿ ಅಕ್ಕಾರ. ಈ ಒಂದು ಪೇಪರ್ ಓದಿದ್ರಿಂದ ನೀವು ಇತಿಹಾಸಕ್ಕ ಕೆಸೆಟ್ಟೋ ನೆಟ್ಟೋ (ಲೆಕ್ಚರರ್ ಆಗಾಕ ಬರಿಯೋ ಪರೀಕ್ಷೆ) ಬರಿಯಾಕ ಬರಂಗಿಲ್ಲ, ಅದಕ್ಕ ಆ ಸಬ್ಜೆಕ್ಟ್‌ನಾಗೇ ಪಿಜಿ ಬೇಕು, ಜನರಲ್‌ದವ್ರಿಗೆ 55 ಪರ್ಸೆಂಟ್ ಮ್ಯಾಲ. ನಿಮ್ಮ ಕೆಮಿಸ್ಟ್ರಿಗೂ ಇದೇ ಲೆಕ್ಕ, ಎಲೆಕ್ಟಿವ್‌ನಾಗ ಎಡವಿದ್ರ ಟೋಟಲ್ ಇಳಿತೈತಿ, ಹಂಗಾಗಿ ಮಾರ್ಕ್ಸ್ ಹೆದ್ರಿಕಿ ಸುಳ್ಳಲ್ಲ. ಕೆಎಎಸ್ ತಲ್ಯಾಗಿದ್ರ ಮೇನ್ಸ್‌ನಾಗ ಈಗ ಆಪ್ಷನಲ್ ಸಬ್ಜೆಕ್ಟೇ ಇಲ್ಲ, ಪಾಸಾದ್ರ ಸಾಕು ಅನ್ನೋ ಕನ್ನಡ, ಇಂಗ್ಲಿಷ್ ಪೇಪರ್ ಬಿಟ್ರ ಬರೇ ಪ್ರಬಂಧ ಮತ್ತ ಜನರಲ್ ಸ್ಟಡೀಸ್, ಅಲ್ಲಿ ಇತಿಹಾಸ ಓದಿದ್ದು ಕೈ ಹಿಡಿತೈತಿ.

ಎರಡೂ ಬೇಕು ಅಂದ್ರ ದಾರಿ ಅದಾವ. ಸ್ವಯಂ ಅನ್ನೋ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ಪೋರ್ಟಲ್‌ನಾಗ ಸ್ಟ್ಯಾಟಿಸ್ಟಿಕ್ಸ್ ಕೋರ್ಸ್ ಸಿಗ್ತಾವ, ಕಲಿಯೋದು ಫ್ರೀ, ಪರೀಕ್ಷೆಗೆ ಅಷ್ಟೇ ಫೀ. ಒಂದು ಸೆಮಿಸ್ಟರಿನ ಪೇಪರ್‌ಗಳಾಗ 40 ಪರ್ಸೆಂಟ್ ತನಕ ಸ್ವಯಂನಿಂದ ತಗೋಬಹುದು ಅಂತ ಯುಜಿಸಿ 2021ರಾಗ ರೂಲ್ ಮಾಡೈತಿ, ಆದ್ರ ನಿಮ್ಮ ಯೂನಿವರ್ಸಿಟಿ ಯಾವ ಕೋರ್ಸ್ ಒಪ್ತೈತಿ ಅಂತ ಡಿಪಾರ್ಟ್‌ಮೆಂಟ್‌ನಾಗ ಮೊದ್ಲು ಕೇಳ್ರಿ, ಸುಮ್ನ ಮಾಡಿ ಕುಂತ್ರ ಕ್ರೆಡಿಟ್ ಬರಂಗಿಲ್ಲ. 2022ರಿಂದ ಒಟ್ಟಿಗೇ ಎರಡು ಡಿಗ್ರಿ ಮಾಡಾಕೂ ಯುಜಿಸಿ ಬಿಟ್ಟೈತಿ, ಒಂದು ಕಾಲೇಜಿನ್ಯಾಗ, ಇನ್ನೊಂದು ಮುಕ್ತ ವಿವಿಯಿಂದ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಇಟ್ಕೊಂಡು ಅದು ಆಗೂ ಮಾತಲ್ಲ ಬಿಡ್ರಿ.

ಹಗರಿಬೊಮ್ಮನಹಳ್ಳಿ ನಾಗು
ನಾನು 2021ರ ರಾಷ್ಟ್ರೀಯ ಶಿಕ್ಷಣ ನೀತಿ, ಅಂದ್ರೆ ಎನ್‌ಇಪಿ ಬ್ಯಾಚ್, ನಮಗೆ ಡಿಗ್ರಿಯಲ್ಲೇ ಓಪನ್ ಎಲೆಕ್ಟಿವ್ ಇತ್ತು (2024ರಲ್ಲಿ ಸರ್ಕಾರ ನಾಲ್ಕು ವರ್ಷದ ಡಿಗ್ರಿ ತೆಗೆದು ಮೂರಕ್ಕೆ ತಂತಲ್ಲ, ಅದಕ್ಕಿಂತ ಮುಂಚೆ). ಲಿಸ್ಟ್‌ನಲ್ಲಿ ಹತ್ತು ಹೆಸ್ರು ಹಾಕ್ತಿದ್ರು, ಕೊನೆಗೆ ಪಾಠ ಮಾಡೋಕೆ ಮೇಷ್ಟ್ರಿಲ್ಲ ಅಂತ ಎರಡೇ ಉಳೀತಿದ್ವು. ಅದಕ್ಕೇ ಹೇಳೋದು, ಯಾರು ಪಾಠ ಮಾಡ್ತಾರೆ ಅಂತ ಮೊದ್ಲು ಕೇಳು. ಕಾಮರ್ಸ್‌ಗೆ ಎಲ್ಲಾ ಡಿಪಾರ್ಟ್‌ಮೆಂಟಿನವರೂ ನುಗ್ಗಿದ್ರೆ ಕೂರೋಕೆ ಬೆಂಚೂ ಇರಲ್ಲ, ಇಂಟರ್ನಲ್ಸ್‌ನಲ್ಲಿ ನಿನ್ನ ಮುಖ ಯಾರಿಗೂ ಗೊತ್ತಿರಲ್ಲ. ಹತ್ತು ಜನ ಇರೋ ಕ್ಲಾಸಲ್ಲಿ ಅಸೈನ್‌ಮೆಂಟ್ ಓದಿ ನೋಡ್ತಾರೆ. ಲೈಬ್ರರಿಗೆ ಹೋಗಿ ಹಳೇ ಪ್ರಶ್ನೆಪತ್ರಿಕೆ ಇದ್ರೆ ನೋಡು, ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ.

ಲ್ಯಾಬ್ ಮಂಜ, ತೋರಣಗಲ್ಲು
ಮಾಸ್ತರೇ ಆ ಬೂದಿದಿಬ್ಬದ ಪಕ್ಕದಲ್ಲೇ ದಿನಾ ಬಸ್ಸಲ್ಲಿ ಹೋಗ್ತೀನಿ, ಏನೋ ಮಣ್ಣಿನ ಗುಡ್ಡೆ ಅನ್ಕೊಂಡಿದ್ದೆ. ಆದ್ರೂ ನನ್ನ ಮಾತು ಸ್ಟ್ಯಾಟಿಸ್ಟಿಕ್ಸೇ. ಕೆಲ್ಸ ಸಿಕ್ಕಮೇಲೆ ಬೂದಿನೂ ನೋಡ್ಬೋದು ಸಗಣಿನೂ ನೋಡ್ಬೋದು.

ಕುಡತಿನಿ ಮಾಸ್ತರ
ಆ ಬೂದಿನ ನಿಮ್ಮ ಎಕ್ಸ್‌ಆರ್‌ಎಫ್‌ಗೆ ಇಟ್ರೆ ಸಿಲಿಕಾ ಎಷ್ಟು ಬರುತ್ತೋ ನೋಡು ಮಂಜಣ್ಣ, ಆದ್ರೆ ದಿಬ್ಬದಿಂದ ಕಿತ್ಕೊಂಡು ಹೋಗ್ಬೇಡ, ಈಗಾಗ್ಲೇ ಅರ್ಧ ರೋಡಿಗೆ, ಗದ್ದೆಗೆ ಹೋಗಿದೆ.

ಕಾರಟಗಿ ಹುಡುಗಿ
ಎಲ್ರಿಗೂ ಥ್ಯಾಂಕ್ಸ್ ರೀ. ಇವತ್ತು ಡಿಪಾರ್ಟ್‌ಮೆಂಟ್‌ನಾಗ ಕೇಳ್ದೆ, ಉತ್ತರ ಕನ್ನಡದಾಗ ಬರೀಬಹುದಂತ. ಇತಿಹಾಸಕ್ಕ ಇಲ್ಲಿ ತನಕ ಆರೇ ಮಂದಿ ಹೆಸ್ರು ಕೊಟ್ಟಾರ, ಅದ್ರಾಗ ಒಬ್ಬಾವ ಫಿಸಿಕ್ಸ್‌ನಾವ. ಮ್ಯಾಡಮ್ ಒಂದು ಫೀಲ್ಡ್ ವಿಸಿಟ್ ಇರ್ತೈತಿ, ಅದ್ರ ರಿಪೋರ್ಟ್ ಇಂಟರ್ನಲ್ಸ್‌ಗೆ ಹಿಡಿತೀವಿ ಅಂದ್ರು. ಮಂಜಣ್ಣಾರ, ಸ್ಟ್ಯಾಟಿಸ್ಟಿಕ್ಸ್ ಬಿಡಂಗಿಲ್ಲ, ಸ್ವಯಂದಾಗ ಮಾಡ್ತೀನಿ, ಕ್ರೆಡಿಟ್ ಬರ್ಲಿ ಬಿಡ್ಲಿ. ಅಪ್ಪಗ ಸಗಣಿ ಸುಟ್ರ ಗಾಜ್ ಆಗ್ತೈತಿ ಅಂತ ಹೇಳಿದ್ರ "ನಮ್ಮ ತಿಪ್ಪಿಗೆ ಬೆಂಕಿ ಹಚ್ಚಬ್ಯಾಡವ್ವಾ" ಅಂತ ನಕ್ಕು ಫೋನ್ ಇಟ್ರು. ಬ್ಯಾಡ ಅನ್ಲಿಲ್ಲ, ಹಂಗಾಗಿ ನಾಳೆ ಫಾರ್ಮ್ ಕೊಡ್ತೀನಿ.

ಸಿರುಗುಪ್ಪ ಸೀನ
ಆರು ಜನರ ಕ್ಲಾಸು, ಅಟೆಂಡೆನ್ಸ್ ಕತೆ ಮುಗೀತು ಅಕ್ಕ 😄