ಜಿಂಕೆ ಕಾಟದ ನಡುವೆ ಮನೆಯೊಳಗೆ ಬೀಜಕ್ಕಾಗಿ ಗಿಡ ಬೆಳೆಸಿದವರು ಯಾರಾದರೂ ಇದ್ದೀರಾ?

ಹೊಸನಗರ ಕಡೆಯಿಂದ ಪ್ರಶ್ನೆ

ನಮ್ಮದು ಕಾಡಂಚಿನ ಮನೆ. ಅಜ್ಜಿಯ ಕಾಲದಿಂದ ಉಳಿಸಿಕೊಂಡು ಬಂದ ಹೀರೆ, ಚಪ್ಪರದವರೆ ಮತ್ತು ಮುಳ್ಳುಬದನೆಯ ಬೀಜ ಈ ವರ್ಷ ಕೈತಪ್ಪುವ ಹಾಗಿದೆ. ಬೀಜಕ್ಕೆಂದೇ ಬಿಟ್ಟಿದ್ದ ಗಿಡಗಳನ್ನು ಜಿಂಕೆಗಳು ಎರಡೇ ರಾತ್ರಿಯಲ್ಲಿ ಬುಡದವರೆಗೆ ಮೇಯ್ದು ಹೋದವು. ಜಿಂಕೆ ಹೊಡೆಯಲು ವರ್ಷದಲ್ಲಿ ಇಂತಿಷ್ಟು ತಿಂಗಳು ಸರ್ಕಾರವೇ ಅವಕಾಶ ಕೊಡುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ, ನನಗೆ ನಂಬಿಕೆಯಿಲ್ಲ. ಮಹಡಿಯ ಕೋಣೆಯಲ್ಲಿ ದೀಪ ಹಾಕಿ, ಕುಂಡದಲ್ಲಿ ಬೆಳೆದು ಬೀಜ ಮಾಡಿಕೊಂಡವರಿದ್ದರೆ ದಯವಿಟ್ಟು ಅನುಭವ ತಿಳಿಸಿ.

ತೀರ್ಥಹಳ್ಳಿ, ಅಡಿಕೆ ಬೆಳೆಗಾರ

ಕೋಣೆಯ ವಿಷಯ ನನಗೆ ತಿಳಿಯದು, ಬೇಲಿಯ ವಿಷಯ ಹೇಳಬಲ್ಲೆ. ಎರಡು ಎಕರೆಗೆ ಸೋಲಾರ್ ಬೇಲಿ ಹಾಕಿಸಲು ನನಗೆ 1,12,400 ರೂಪಾಯಿ ತಗುಲಿತು. ಅದರಲ್ಲಿ ಕಂಬ ಹೂಳಿದ ನಾಲ್ವರ ಆರು ದಿನದ ಕೂಲಿಯೇ 16,800. ಮೊದಲ ಮಳೆಗಾಲದಲ್ಲಿಯೇ ಕಳೆ ಎದ್ದು ಕೆಳಗಿನ ತಂತಿಗೆ ತಾಗಿ, ಕರೆಂಟೆಲ್ಲ ನೆಲಕ್ಕಿಳಿದು, ಬೇಲಿ ಇದ್ದೂ ಇಲ್ಲದಂತಾಯಿತು. ವಾರಕ್ಕೊಮ್ಮೆ ಕಳೆ ಸವರಿಸಲು ಆಳಿಗೆ ಕೊಟ್ಟ ಹಣವನ್ನು ನಾನು ಈಗ ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ. ಜಿಂಕೆ ತಂತಿಗಳ ನಡುವೆ ನುಸುಳಿತು, ಕಡವೆ ಮೇಲಿನಿಂದ ಹಾರಿತು, ಒಳಗೆ ಸಿಕ್ಕಿಕೊಂಡದ್ದು ನಮ್ಮ ಮನೆಯ ಎಮ್ಮೆ. ಪರಿಹಾರಕ್ಕೆ ಅರ್ಜಿ ಹಾಕಿದೆ. ತಿಂದುಹೋದ ಬದನೆಗಿಡದ ಫೋಟೋ ತೋರಿಸಿದರೆ, ಅದನ್ನು ಜಿಂಕೆಯೇ ತಿಂದಿತೆಂಬುದಕ್ಕೆ ಸಾಕ್ಷಿ ಏನು ಎಂದು ಕಚೇರಿಯಲ್ಲಿ ಕೇಳಿದರು.

ಸಾಗರ, ನಿವೃತ್ತರು

ನಮ್ಮ ತಂದೆಯವರ ಕಾಲದಲ್ಲಿ ಶಿಕಾರಿಗೆ ಪರವಾನಗಿಯೂ ಇತ್ತು, ಹೊಡೆಯಬಾರದ ತಿಂಗಳುಗಳೂ ಇದ್ದವು. ನಿಮ್ಮ ಪರಿಚಿತರು ಅದನ್ನೇ ಎಲ್ಲೋ ಕೇಳಿರಬೇಕು. ಬೆಳೆ ರಕ್ಷಣೆಗೆಂದು ಪಡೆದ ಕೋವಿ ನಮ್ಮ ಮನೆಯಲ್ಲಿ ಈಗಲೂ ಇದೆ, ಅಂದರೆ ಚುನಾವಣೆ ಇಲ್ಲದಾಗ ಇದೆ. ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಗೆ ಒಯ್ದು ಜಮಾ ಮಾಡಬೇಕು, ಫಲಿತಾಂಶ ಬಂದ ಮೇಲೆ ಅಲೆದಾಡಿ ಬಿಡಿಸಿಕೊಳ್ಳಬೇಕು. ಕಳೆದ ಬಾರಿ ಬಿಡಿಸಿಕೊಂಡು ಬಂದಾಗ ನಳಿಗೆಗೆ ತುಕ್ಕು ಹಿಡಿದಿತ್ತು. ಜಿಂಕೆಗಳಿಗೆ ಮಾತ್ರ ಯಾವ ನೀತಿಸಂಹಿತೆಯೂ ಇಲ್ಲ. ರಾತ್ರಿ ಗಾಳಿಯಲ್ಲಿ ಒಂದು ಗುಂಡು ಹಾರಿಸಿದರೆ ಮೂರು ದಿನ ಹತ್ತಿರ ಸುಳಿಯುವುದಿಲ್ಲ ಎಂಬುದು ನನ್ನ ಅನುಭವ.

ಶಿವಮೊಗ್ಗ ನಗರ

ಹಿರಿಯರೇ, ಹೊಸಬರು ಓದುವ ಕಡೆ ಇಂತಹ ಮಾತು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ, 1991ರ ತಿದ್ದುಪಡಿಯ ನಂತರ ಶಿಕಾರಿಯ ಪರವಾನಗಿ ಎಂಬುದೇ ಉಳಿದಿಲ್ಲ. ಜಿಂಕೆಗೆ ನಮ್ಮಲ್ಲಿ ಯಾವ ಹಂಗಾಮೂ ಇಲ್ಲ.

ಬೀಜದ ವಿಷಯಕ್ಕೆ ಬರುತ್ತೇನೆ. ನಾನು ಹತ್ತಡಿ ಕೋಣೆಯಲ್ಲಿ 20 ವ್ಯಾಟಿನ ನಾಲ್ಕು ಎಲ್‌ಇಡಿ ಟ್ಯೂಬುಗಳನ್ನು ದಿನಕ್ಕೆ 14 ಗಂಟೆ ಉರಿಸಿದೆ. ದಿನಕ್ಕೆ 1.12 ಯೂನಿಟ್, ತಿಂಗಳಿಗೆ ಸುಮಾರು 34 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮ ಸರಾಸರಿಯ ಮಿತಿ ದಾಟಿ, ಸೊನ್ನೆ ಬರುತ್ತಿದ್ದ ಬಿಲ್ಲಿನಲ್ಲಿ ಮೊತ್ತ ಕಾಣಿಸಿಕೊಂಡಿತು, ಮನೆಯಲ್ಲಿ ಮಾತೂ ಬಂತು. ಟೊಮೆಟೊ ಮತ್ತು ಬದನೆ ತಮ್ಮ ಹೂವಿನಲ್ಲಿಯೇ ಪರಾಗ ಕಟ್ಟಿಕೊಳ್ಳುವುದರಿಂದ ಗೊಂಚಲನ್ನು ಬೆರಳಿನಿಂದ ತಟ್ಟಿದರೆ ಸಾಕಾಯಿತು. ಹೀರೆ ಮಾತ್ರ ನನ್ನನ್ನು ಒಂದೂವರೆ ತಿಂಗಳು ಆಟವಾಡಿಸಿತು. ಸೌತೆಯಂತೆ ಇದೂ ಎಂದುಕೊಂಡು ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಗಂಡುಹೂ ಹುಡುಕಿದರೆ ಎಲ್ಲವೂ ಮುದುಡಿರುತ್ತಿದ್ದವು, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣುಹೂಗಳು ಹಳದಿಯಾಗಿ ಒಂದೊಂದೇ ಉದುರುತ್ತಿದ್ದವು. ಇಪ್ಪತ್ತೆರಡು ಉದುರಿದ್ದನ್ನು ಎಣಿಸಿದ್ದೇನೆ. ಒಂದು ದಿನ ಸಂಜೆ ಆರಕ್ಕೆ ನೀರು ಹಾಕಲು ಹೋದಾಗ ಕೋಣೆಯ ತುಂಬ ಹೀರೆಯ ಹೂ ಅರಳಿ ನಿಂತಿದ್ದವು. ಹೀರೆ ಅರಳುವುದೇ ಸಂಜೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಶೃಂಗೇರಿ ಕಡೆಯ ಗೃಹಿಣಿ

ಹೀರೆ ಸಂಜೆ ಅರಳುತ್ತದೆಂದು ತಿಳಿಯಲು ನಾಲ್ಕು ಟ್ಯೂಬುಲೈಟು ಬೇಕಾಯಿತೇ? ಚಪ್ಪರದ ಕೆಳಗೆ ಒಂದು ಸಂಜೆ ಕುಳಿತಿದ್ದರೆ ಆಗುತ್ತಿತ್ತು. ನಾನು ಜಗಲಿಯ ಮಾಡಿಗೆ ಆರು ಗಾಜಿನ ಹಂಚು ಹಾಕಿಸಿ, ಅದರ ಕೆಳಗೆ ಹಳೆಯ ಗೊಬ್ಬರದ ಚೀಲಗಳಲ್ಲಿ ಗಿಡ ಇಟ್ಟು, ಎದುರಿಗೆ ಹಳೆಯ ಸೀರೆ ಕಟ್ಟಿ, ಹನ್ನೊಂದು ವರ್ಷದಿಂದ ಬೀಜ ಮಾಡುತ್ತಿದ್ದೇನೆ. ಕರೆಂಟು ಮಳೆಗಾಲದಲ್ಲಿ ನಾಲ್ಕು ದಿನ ಹೋದರೂ ನನ್ನ ಗಿಡಗಳಿಗೆ ಗೊತ್ತಾಗುವುದಿಲ್ಲ. ಬೀಜಕ್ಕೆ ಬಿಟ್ಟ ಬದನೆ ಹಳದಿ ತಿರುಗಿ ಮೆತ್ತಗಾಗುವವರೆಗೆ ಕೊಯ್ಯುವುದಿಲ್ಲ. ಸೌತೆಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯೊಡನೆ ಒಲೆಯ ಮೇಲಿನ ಗೋಡೆಗೆ ತಟ್ಟುತ್ತೇನೆ. ಒಮ್ಮೆ ಮಾತ್ರ ಸೋತೆ. ಜೀರಿಗೆ ಮೆಣಸಿನ ಪಕ್ಕದಲ್ಲಿ ಪೇಟೆಯಿಂದ ತಂದ ದೊಡ್ಡ ಮೆಣಸಿನ ಚೀಲವಿತ್ತು, ಸೀರೆಯ ಸಂದಿನಿಂದ ಮಿಸ್ರಿ ಜೇನು ನುಗ್ಗಿತ್ತು. ಮರುವರ್ಷ ಹುಟ್ಟಿದ ಗಿಡಗಳಲ್ಲಿ ಜೀರಿಗೆ ಮೆಣಸೂ ಅಲ್ಲದ, ದೊಡ್ಡ ಮೆಣಸೂ ಅಲ್ಲದ ಕಾಯಿ ಬಿಟ್ಟಿತು. ಅತ್ತೆಯವರು ಕೊಟ್ಟ ಬೀಜ ಅಲ್ಲಿಗೇ ಮುಗಿಯಿತು. ಆ ಬೇಸರ ಇವತ್ತಿಗೂ ಹೋಗಿಲ್ಲ.

ಕೊಪ್ಪ, ನಿವೃತ್ತ ಶಿಕ್ಷಕಿ

ಅವರೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಮಗಳು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾಳೆ. ಅಲ್ಲಿ ನಿಜಕ್ಕೂ ಜಿಂಕೆಗೆ ಹಂಗಾಮಿದೆ. ಬಿಲ್ಲಿನ ಬೇಟೆ ಸೆಪ್ಟೆಂಬರಿನಲ್ಲಿಯೇ ಆರಂಭವಾಗುತ್ತದೆ. ಕೋವಿಯ ಮುಖ್ಯ ಹಂಗಾಮು ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ 9 ದಿನ. ಆ ದಿನಗಳಲ್ಲಿ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ, ಮಗಳು ಕಾಡಿನ ದಾರಿಗೆ ಹೋಗುವುದಿಲ್ಲ. ಇಷ್ಟಿದ್ದರೂ ಅವಳ ಹಿತ್ತಲಿನ ಅವರೆಯನ್ನು ಬೇಸಿಗೆಯಲ್ಲಿ ಜಿಂಕೆ ತಿಂದೇ ತಿಂದಿತು ಎಂಬುದನ್ನು ಸಾಗರದವರು ಗಮನಿಸಬೇಕು.

ಉಳಿದ ಬಳ್ಳಿಯೂ ಹೂ ಬಿಡಲಿಲ್ಲ. ನಮ್ಮ ನಾಟಿ ಅವರೆ ಹಗಲು ಮೋಟಾಗಿ ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಕಟ್ಟುತ್ತದೆ. ಅಲ್ಲಿ ರಾತ್ರಿ ಉದ್ದವಾಗುವ ಹೊತ್ತಿಗೆ ಹಿಮ ಬಿದ್ದು ಬಳ್ಳಿ ಕಪ್ಪಾಗುತ್ತದೆ. ಅದಕ್ಕೇ ನೆಲಮಾಳಿಗೆಯಲ್ಲಿ ಕುಂಡ ಇಟ್ಟು, ಗಿಡಕ್ಕೆ ಒಳ್ಳೆಯದಾಗಲೆಂದು 16 ಗಂಟೆ ದೀಪ ಉರಿಸಿದಳು. ಐದು ತಿಂಗಳು ಬರೀ ಎಲೆ. ವಿಡಿಯೋ ಕರೆಯಲ್ಲಿ ತೋರಿಸಿದಾಗ, ಅವರೆಗೆ ರಾತ್ರಿಯೇ ಇಲ್ಲದಂತೆ ಮಾಡಿದ್ದೀಯಲ್ಲ ಮಗಳೇ ಎಂದೆ. ಸಂಜೆ ಆರಕ್ಕೆ ಕಪ್ಪು ಬಟ್ಟೆ ಮುಚ್ಚಿ ಬೆಳಿಗ್ಗೆ ಏಳಕ್ಕೆ ತೆಗೆಯಲು ಆರಂಭಿಸಿದ ಮೇಲೆ ಗೊನೆ ಗೊನೆಯಾಗಿ ಹೂ ಬಂತು. 31 ಬೀಜ ಸಿಕ್ಕವು, ಅವುಗಳಲ್ಲಿ 9 ಜೊಳ್ಳು.

ಸಾಗರ, ನಿವೃತ್ತರು

ನಾನು ಗಾಳಿಯಲ್ಲಿ ಗುಂಡು ಎಂದೆನೇ ಹೊರತು ಜಿಂಕೆಗೆ ಎಂದಿಲ್ಲ. ಕಾಯ್ದೆಯ ಸೆಕ್ಷನ್ ಓದುವವರು ನನ್ನ ವಾಕ್ಯವನ್ನೂ ಪೂರ್ತಿ ಓದಬೇಕು.

ತೀರ್ಥಹಳ್ಳಿ, ಅಡಿಕೆ ಬೆಳೆಗಾರ

ಮೂರು ದಿನ ಸುಳಿಯುವುದಿಲ್ಲ ಎಂದರೆ ನಾಲ್ಕನೆಯ ದಿನ ಬರುತ್ತದೆ ಎಂದೇ ಅರ್ಥ, ಸ್ವಾಮಿ. ತೋಟೆಯ ಖರ್ಚು ಹೇಳಿ, ಬೇಲಿಯ ಖರ್ಚಿನೊಡನೆ ಹೋಲಿಸೋಣ.

ಹೊಸನಗರ

ಎಲ್ಲರಿಗೂ ಧನ್ಯವಾದಗಳು. ಕೋವಿಯ ವಿಚಾರ ಬಿಟ್ಟಿದ್ದೇನೆ. ಹೀರೆಯ ಹೆಣ್ಣುಹೂವಿಗೆ ನಿನ್ನೆ ಸಂಜೆ ಪರಾಗ ತಾಗಿಸಿ, ಗುರುತಿಗೆ ತೊಟ್ಟಿಗೆ ಹತ್ತಿಯ ದಾರ ಕಟ್ಟಿದ್ದೇನೆ. ಅವರೆಯನ್ನು ದೀಪವಿಲ್ಲದ ಪಕ್ಕದ ಕೋಣೆಯ ಕಿಟಕಿಗೆ ಸಾಗಿಸಿದ್ದೇನೆ. ಇನ್ನೇನಾದರೂ ಬಿಟ್ಟುಹೋಗಿದೆಯೇ?

ಶೃಂಗೇರಿ ಕಡೆಯ ಗೃಹಿಣಿ

ಹತ್ತಿಯ ದಾರ ಒದ್ದೆಯಾದರೆ ಬಿಗಿಯಾಗಿ ತೊಟ್ಟನ್ನು ಕೊರೆಯುತ್ತದೆ. ಬಾಳೆನಾರು ಕಟ್ಟಿ, ಅದನ್ನೂ ಸಡಿಲವಾಗಿ.

ಶಿವಮೊಗ್ಗ ನಗರ

ಮನೆಯೊಳಗೆ ದಾರ ಒದ್ದೆಯಾಗುವುದು ಹೇಗೆ?

ಶೃಂಗೇರಿ ಕಡೆಯ ಗೃಹಿಣಿ

ನೀವು ಆಷಾಢದಲ್ಲಿ ನಮ್ಮ ಮನೆಗೆ ಬಂದು ಒಂದು ಪಂಚೆಯನ್ನು ಒಳಗೆ ಒಣಹಾಕಿ ನೋಡಿ, ಆಮೇಲೆ ಮಾತನಾಡೋಣ.