ಸೀಸನ್ ಮುಗಿದ ಮೇಲೆ ಚಿಕ್ಕ ಬಂದರು ಊರಿಗೆ ಹೋಗಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾಲ್ಕೈದು ದಿನ ಸಮುದ್ರದ ಪಕ್ಕ ಇದ್ದು ಬರಬೇಕು ಅಂತ ಆಸೆ. ದೊಡ್ಡ ಬೀಚ್ ಊರು ಬೇಡ. ಒಂದು ಚಿಕ್ಕ ಬಂದರು, ನಾಲ್ಕು ಬೀದಿ, ದಕ್ಕೆಯಲ್ಲಿ ಒಂದಷ್ಟು ಬೋಟು, ಇಷ್ಟಿದ್ದರೆ ಸಾಕು. ಜೊತೆಗೆ ಅಮ್ಮ ಬರುತ್ತಾರೆ, ಅವರಿಗೆ ಮಂಡಿ ನೋವು. ಮಗಳಿಗೆ 8 ವರ್ಷ, ನೀರು ಕಂಡರೆ ಬಿಡುವವಳಲ್ಲ.

ಹೋದ ಸಲ ಸೀಸನ್ನಿನ ನಡುವೆಯೇ ಇಂಥ ಊರಿಗೆ ಹೋಗಿದ್ದೆವು. ದಕ್ಕೆ ಮೇಲೆ ಕಾಲಿಡಲು ಜಾಗ ಇರಲಿಲ್ಲ, ಗಾಡಿ ನಿಲ್ಲಿಸೋಕೆ ಒಂದು ಗಂಟೆ ಸುತ್ತಿದೆವು, ಆ ಜನಜಂಗುಳಿಗೆ ಹೆದರಿ ಅಮ್ಮ ಎರಡು ದಿನ ರೂಮಿನಲ್ಲೇ ಕೂತರು. ಅದು ನನಗೆ ಇವತ್ತಿಗೂ ಬೇಜಾರು. ಈ ಸಲ ಸೀಸನ್ ಮುಗಿದ ಮೇಲೆ ಹೋಗೋಣ ಅಂತಿದ್ದೇನೆ. ಆದರೆ ಆಗ ಎಲ್ಲಾ ಬಾಗಿಲು ಹಾಕಿರುತ್ತಾರೆ, ನೀರಿಗೂ ಇಳಿಯೋಕಾಗಲ್ಲ ಅಂತ ಕೆಲವರು ಹೇಳುತ್ತಿದ್ದಾರೆ. ನಿಜಾನಾ? ಯಾವಾಗ ಹೋದರೆ ಚೆನ್ನ?

ಅಲೆಮಾರಿ

ಧೈರ್ಯವಾಗಿ ಹೋಗಿ. ಆದರೆ "ಸೀಸನ್ ಮುಗಿದ ಮೇಲೆ" ಅನ್ನೋದು ಎಲ್ಲಾ ಕಡಲಿಗೂ ಒಂದೇ ಅಲ್ಲ. ಚಳಿ ದೇಶದ ತೀರವಾದರೆ ಬೇಸಿಗೆ ರಜೆ ಮುಗಿದ ಮೊದಲ ಎರಡು ಮೂರು ವಾರ ತುಂಬಾ ಒಳ್ಳೆಯದು. ನೆಲ ಬೇಗ ಕಾದು ಬೇಗ ಆರುತ್ತದೆ, ಸಮುದ್ರ ನಿಧಾನ. ಬಿಸಿಲು ಜೋರಾಗಿದ್ದ ದಿನಗಳು ಕಳೆದು ಒಂದೆರಡು ತಿಂಗಳಾದ ಮೇಲೇ ಅಲ್ಲಿ ನೀರು ಎಲ್ಲಕ್ಕಿಂತ ಬೆಚ್ಚಗಿರೋದು. ಜನ ಹೋಗಿರುತ್ತಾರೆ, ನೀರಿನ ಬಿಸಿ ಉಳಿದಿರುತ್ತದೆ.

ಮಳೆಗಾಲ ಇರುವ ತೀರದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಸೀಸನ್ ಮುಗಿಯೋ ಹೊತ್ತಿಗೆ ಸೆಕೆ, ಅದರ ಹಿಂದೆಯೇ ಮಳೆ. ಹಾಗಾಗಿ ಸೀಸನ್ ಶುರುವಾಗುವ ಮುಂಚೆ, ಮಳೆ ನಿಂತು ಕಡಲಿನ ಅಬ್ಬರ ಇಳಿದ ಮೇಲೆ ಹೋಗಿ. ಮಳೆ ನಿಂತ ಮಾರನೇ ದಿನವೇ ಅಲೆ ನಿಲ್ಲೋದಿಲ್ಲ. ದೂರದಲ್ಲಿ ಎದ್ದ ಗಾಳಿಯ ಅಲೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಬಡಿಯುತ್ತದೆ.

ಬಾಗಿಲು ಹಾಕೋ ವಿಷಯ ಅರ್ಧ ನಿಜ. ಪ್ರವಾಸಿಗರಿಗೆ ಅಂತಲೇ ತೆರೆದ ಜಾಗಗಳು ಮುಚ್ಚಿರಬಹುದು. ಊರಿನವರಿಗೆ ಬೇಕಾದದ್ದು ಯಾವಾಗಲೂ ತೆರೆದಿರುತ್ತದೆ, ಅವರೂ ಅಲ್ಲೇ ಬದುಕಬೇಕಲ್ವಾ. ಉಳಿದುಕೊಳ್ಳುವ ಜಾಗಕ್ಕೆ ಮೊದಲೇ ಫೋನ್ ಮಾಡಿ. ಅಮ್ಮನಿಗಾಗಿ ಮೆಟ್ಟಿಲು ಎಷ್ಟು ಅಂತಲೂ ಕೇಳಿ. ಎಷ್ಟೋ ಬಂದರು ಊರುಗಳು ಇಳಿಜಾರಲ್ಲೇ ಇರೋದು.

ಹುಣ್ಣಿಮೆ_ಕಡಲು

ಯಾವ ತಿಂಗಳು ಅನ್ನೋದರ ಜೊತೆ ಯಾವ ತಿಥಿ ಅಂತಲೂ ನೋಡಿ! ತಮಾಷೆಗೆ ಹೇಳ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರ ಒಂದೇ ಗೆರೆಯಲ್ಲಿ ಎಳೆಯುವುದರಿಂದ ಉಬ್ಬರ ತುಂಬಾ ಮೇಲೆ ಬರುತ್ತದೆ, ಇಳಿತದಲ್ಲಿ ನೀರು ತುಂಬಾ ದೂರ ಸರಿಯುತ್ತದೆ. ಅಷ್ಟಮಿಯ ಹೊತ್ತಿಗೆ ಈ ಏರಿಳಿತ ಕಡಿಮೆ. ಮಗಳಿಗೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಕಪ್ಪೆಚಿಪ್ಪು ತೋರಿಸಬೇಕು ಅಂದರೆ ಹುಣ್ಣಿಮೆಯ ಇಳಿತ ಒಳ್ಳೆಯದು. ನಮ್ಮ ಮಗ ಅಂಥ ಒಂದು ಗುಂಡಿಯ ಮುಂದೆ ಎರಡು ಗಂಟೆ ಕೂತಿದ್ದ. ಆ ಪ್ರವಾಸದಲ್ಲಿ ಅವನಿಗೆ ನೆನಪಿರೋದು ಅದೊಂದೇ.

ಹೆಚ್ಚಿನ ಕಡಲುಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಾ ಸುಮಾರು 50 ನಿಮಿಷ ತಡ. ಇವತ್ತು ಬೆಳಿಗ್ಗೆ 7ಕ್ಕೆ ಇಳಿತ ಇದ್ದರೆ ನಾಳೆ 8ರ ಹತ್ತಿರ. ಇದು ಗೊತ್ತಿದ್ದರೆ ದಿನದ ಪ್ಲಾನ್ ಮಾಡೋದು ಸುಲಭ. ಆದರೆ ಒಂದು ಮಾತು. ಇಳಿತದಲ್ಲಿ ನಡೆದು ಬಂಡೆಯ ಆಚೆ ಹೋದರೆ, ನೀರು ತಿರುಗುವ ಮುಂಚೆಯೇ ವಾಪಸ್ ಬನ್ನಿ. ನೀರು ಮುಂದಿನಿಂದ ಏರೋದು ಕಾಣುತ್ತದೆ, ಹಿಂದಿನ ತಗ್ಗಿನಲ್ಲಿ ತುಂಬಿಕೊಳ್ಳೋದು ಕಾಣಲ್ಲ.

ದಕ್ಕೆ_ಹುಡುಗ

ನಾನು ಬೆಳೆದದ್ದೇ ಬಂದರಿನ ಪಕ್ಕ, ಮನೆಯಲ್ಲಿ ಎಲ್ಲರೂ ಬೋಟಿನವರು. ಮೇಲಿನವರು ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಬಂದರು ನೋಡುವ ಜಾಗ ಹೌದು, ಆದರೆ ಅದು ಕೆಲಸದ ಜಾಗ. ಬಿಗಿಯಾದ ಹಗ್ಗ ದಾಟಬೇಡಿ, ಸುತ್ತಿಟ್ಟ ಹಗ್ಗದ ಒಳಗೆ ಕಾಲಿಡಬೇಡಿ. ಹರಡಿದ ಬಲೆ ಮೇಲೆ ನಡೆಯಬೇಡಿ, ಅದನ್ನು ಹೆಣೆಯಲು ಯಾರೋ ದಿನಗಟ್ಟಲೆ ಕೂತಿರುತ್ತಾರೆ. ಮೀನು ಇಳಿಸುವಾಗ ಸ್ವಲ್ಪ ದೂರ ನಿಂತು ನೋಡಿ, ಕೆಲಸ ಮುಗಿದ ಮೇಲೆ ಮಾತಾಡಿಸಿ. ಮಕ್ಕಳು ಕೇಳಿದರೆ ನಮ್ಮವರು ಎಷ್ಟು ಹೊತ್ತಾದರೂ ಹೇಳುತ್ತಾರೆ.

ಅಲೆ ತಡೆಯೋಕೆ ಕಟ್ಟಿದ ಗೋಡೆ ವಿಷಯದಲ್ಲಿ ಮಾತ್ರ ಹುಷಾರು. ನಾನು ಹತ್ತು ವರ್ಷದವನಿದ್ದಾಗ ಅದರ ತುದಿಯಲ್ಲಿ ನಿಂತಿದ್ದೆ, ಕಡಲು ಸುಮ್ನೆ ಇತ್ತು, ಎಲ್ಲಾ ಅಲೆ ಮೊಣಕಾಲಷ್ಟೇ ಬರುತ್ತಿತ್ತು. ಒಂದೇ ಒಂದು ಅಲೆ ಎರಡು ಪಟ್ಟು ದೊಡ್ಡದು ಬಂದು ಕಲ್ಲುಗಳ ಸಂದಿಗೆ ಬೀಳಿಸಿತು. ಮೊಣಕೈ ಮುರಿಯಿತು. ಚಿಕ್ಕಪ್ಪ ಹತ್ತಿರವೇ ಇದ್ದದ್ದಕ್ಕೆ ಉಳಿದೆ. ಪಾಚಿ ಕಟ್ಟಿದ, ಒದ್ದೆಯಾದ ಕಲ್ಲು ಕಂಡರೆ ಅಲ್ಲಿಯವರೆಗೆ ಅಲೆ ಬರುತ್ತದೆ ಅಂತಲೇ ಅರ್ಥ. ಮಗಳನ್ನು ಅಲ್ಲಿಗೆ ಬಿಡಬೇಡಿ.

ಈಜೋದು ಬಂದರಿನ ಒಳಗೂ ಬೇಡ, ನದಿ ಕಡಲು ಸೇರುವ ಅಳಿವೆ ಬಾಯಲ್ಲೂ ಬೇಡ. ಇಳಿತದ ಹೊತ್ತು ಅಲ್ಲಿ ನೀರು ಹೊರಗೆ ಎಳೆಯುತ್ತದೆ. ಬೀಚಿನಲ್ಲಿ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಎದುರೀಜಬಾರದು, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಸೀಸನ್ ಮುಗಿದ ಮೇಲೆ ಕಾವಲಿನವರು ಇರಲಿಕ್ಕಿಲ್ಲ, ಅದೂ ನೆನಪಿರಲಿ.

ರೂಮ್ ದಕ್ಕೆಗೆ ತೀರಾ ಅಂಟಿಕೊಂಡು ಬೇಡ. ನಸುಕಿಗೇ ಎಂಜಿನ್ ಶುರು. ಒಂದು ಬೀದಿ ಹಿಂದೆ ಇದ್ದರೆ ಅಮ್ಮನಿಗೆ ನಿದ್ದೆಯೂ ಆಗುತ್ತದೆ, ಕೂತು ನೋಡಲು ದಕ್ಕೆಯೂ ಹತ್ತಿರ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಣ್ಣಿಮೆಗೆ ಎರಡು ದಿನ ಮುಂಚೆ ತಲುಪುವ ಹಾಗೆ ನೋಡುತ್ತಿದ್ದೇನೆ. ಅಮ್ಮ ನೀರಿಗೆ ಇಳಿಯುವುದಿಲ್ಲ, ಅವರಿಗೆ ಸಂಜೆ ಏನಾದರೂ ಇರುತ್ತಾ?

ದಕ್ಕೆ_ಹುಡುಗ

ಅಮ್ಮನನ್ನೂ ಮಗಳನ್ನೂ ಕತ್ತಲಾಗುವಾಗ ಬಂದರಿನ ಬಾಯಿ ಕಾಣುವ ಕಡೆ ಕೂರಿಸಿ. ಎರಡು ದೀಪ ಹತ್ತುತ್ತವೆ. ಭಾರತ, ಯುರೋಪಿನಲ್ಲಿ ಒಳಗೆ ಬರುವ ಬೋಟಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಅಮೆರಿಕ, ಜಪಾನಿನಲ್ಲಿ ಅದು ಅದಲುಬದಲು. ದೀಪಸ್ತಂಭ ಇದ್ದರೆ ಅದರ ಮಿನುಗು ಎಣಿಸೋಕೆ ಮಗಳಿಗೆ ಹೇಳಿ. ಅಕ್ಕಪಕ್ಕದ ಸ್ತಂಭಗಳಿಗೆ ಒಂದೇ ಲೆಕ್ಕ ಇರೋದಿಲ್ಲ, ಬೋಟಿನವರು ಅದನ್ನು ನೋಡಿಯೇ ಎಲ್ಲಿದ್ದೇವೆ ಅಂತ ತಿಳಿಯೋದು. ನಮ್ಮ ಅಜ್ಜಿ ಹಾಗೆ ಎಣಿಸುತ್ತಲೇ ಅಜ್ಜನ ಬೋಟು ಬರೋದನ್ನು ಕಾಯುತ್ತಿದ್ದರು. ಒಂದು ಶಾಲು ತೆಗೆದುಕೊಂಡು ಹೋಗಿ, ರಾತ್ರಿ ಗಾಳಿ ನೆಲದ ಕಡೆಯಿಂದ ತಿರುಗುತ್ತದೆ.