ಸರ್ಕಾರಿ ಸಂಬಳದ ರಾಜಕೀಯ ಸಲಹೆಗಾರರು ಪಕ್ಷದ ಕೆಲಸ ಮಾಡಬಹುದೇ?

ಹಳೇಕಡತ: ಮುಖ್ಯಮಂತ್ರಿಗಳ ರಾಜಕೀಯ ಕಾರ್ಯದರ್ಶಿ, ಸಲಹೆಗಾರರಿಗೆ ಸಂಪುಟ ದರ್ಜೆ, ಕಾರು, ಸಿಬ್ಬಂದಿ ಎಲ್ಲ ಖಜಾನೆಯಿಂದಲೇ ಬರುತ್ತೆ. ಅವರು ಟಿಕೆಟ್ ಹಂಚಿಕೆ, ಬೂತ್ ಸಭೆ ಅಂತ ಓಡಾಡಿದರೆ ತಡೆಯುವ ಕಾನೂನು ಯಾವುದು?

ನಿಯಮಾವಳಿ: ಮೊದಲು ನೇಮಕ ಯಾವ ಬಗೆಯದು ನೋಡಿ. ಸರ್ಕಾರಿ ನೌಕರರನ್ನೇ ವಿಶೇಷ ಕರ್ತವ್ಯಾಧಿಕಾರಿ ಮಾಡಿದ್ದರೆ ಕರ್ನಾಟಕದಲ್ಲಿ 2021ರ ನಡತೆ ನಿಯಮಗಳಿವೆ, ಪಕ್ಷದ ಕಡೆ ತಲೆ ಹಾಕುವಂತಿಲ್ಲ. ಶಾಸಕರಾಗಿದ್ದರೆ ಪ್ರಶ್ನೆಯೇ ಬೇರೆ: ಸಂವಿಧಾನದ 191ನೇ ವಿಧಿಯ ಲಾಭದಾಯಕ ಹುದ್ದೆಯದು, ಅಂದರೆ ಸರ್ಕಾರದಿಂದ ಲಾಭ ಬರುವ ಹುದ್ದೆ ಹಿಡಿದರೆ ಶಾಸಕ ಸ್ಥಾನವೇ ಹೋಗಬಹುದು. ಪಕ್ಷದ ಕೆಲಸಕ್ಕೆ ಅಲ್ಲಿ ಅಡ್ಡಿಯಿಲ್ಲ.

ತೊಡಕಿರುವುದು ಹೊರಗಿನಿಂದ ಬಂದು ಮುಖ್ಯಮಂತ್ರಿಯ ಅವಧಿಯವರೆಗೆ ಇರುವವರದ್ದು. ಅವರಿಗೆ ನೇಮಕಾತಿ ಆದೇಶದ ಷರತ್ತೇ ಮುಖ್ಯ. ಅದರಲ್ಲಿ ಪಕ್ಷದ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಯಾವುದನ್ನು ಉಲ್ಲಂಘನೆ ಅಂತೀರಿ?

ತಕ್ಕಡಿ: ಇದರ ದೊಡ್ಡ ಪಾಠ ರಾಯ್‌ಬರೇಲಿಯದು, 1971ರಲ್ಲಿ ಇಂದಿರಾ ಗಾಂಧಿ ಗೆದ್ದ ಲೋಕಸಭಾ ಕ್ಷೇತ್ರ. ಯಶಪಾಲ್ ಕಪೂರ್ ಪ್ರಧಾನಿ ಸಚಿವಾಲಯದಲ್ಲಿ ವಿಶೇಷ ಕರ್ತವ್ಯಾಧಿಕಾರಿ. 1971ರ ಜನವರಿ 13ಕ್ಕೆ ರಾಜೀನಾಮೆ ಕೊಟ್ಟರು. ಅಂಗೀಕಾರದ ಅಧಿಸೂಚನೆ ಹೊರಟದ್ದು 25ಕ್ಕೆ, ಜಾರಿ ಮಾತ್ರ 14ರಿಂದ. ಇಂದಿರಾ ಪರವಾಗಿ ಅವರ ಪ್ರಚಾರವೋ 7ರಿಂದಲೇ ನಡೆದಿತ್ತು ಅಂತ ಅಲಹಾಬಾದ್ ಹೈಕೋರ್ಟ್ ಕಂಡುಕೊಂಡಿತು. 1975ರ ಜೂನ್ 12ರಂದು ಇಂದಿರಾ ಗಾಂಧಿಯವರ ಆಯ್ಕೆ ರದ್ದಾಗಲು ಇದೂ ಒಂದು ಕಾರಣ. ಆಮೇಲೆ ಸಂಸತ್ತು ಕಾನೂನನ್ನೇ ಹಿಂದಿನಿಂದ ಅನ್ವಯವಾಗುವಂತೆ ತಿದ್ದಿತು: ರಾಜೀನಾಮೆ ಜಾರಿಯ ದಿನಾಂಕಕ್ಕೆ ಗೆಜೆಟ್ ಹೇಳಿದ್ದೇ ಕೊನೆಯ ಮಾತು.

ಅಭ್ಯರ್ಥಿ ಸರ್ಕಾರಿ ಸೇವೆಯವರಿಂದ ಚುನಾವಣಾ ನೆರವು ಪಡೆಯುವುದು ಭ್ರಷ್ಟ ಆಚರಣೆ ಅನ್ನುವ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(7) ಹಿಡಿಯುವುದು ಸರ್ಕಾರಿ ಸೇವೆಯಲ್ಲಿರುವ ಗೆಜೆಟೆಡ್ ಅಧಿಕಾರಿಗಳು ಮತ್ತು ಪಟ್ಟಿಯಲ್ಲಿರುವ ಇತರ ಕೆಲವು ವರ್ಗಗಳನ್ನು. ಪಟ್ಟಿಗೆ ಸೇರದ ಸಲಹೆಗಾರ ನುಣುಚಿಕೊಳ್ಳುತ್ತಾನೆ.

ಸಮುದ್ರದಾಚೆ: ರಾಜಕೀಯ ಸಲಹೆಗಾರನಿಗೆ ರಾಜಕೀಯ ಮಾಡಬೇಡ ಅನ್ನುವುದೂ ವಿಚಿತ್ರವೇ. ಬ್ರಿಟನ್ನಿನಲ್ಲಿ 'ಸ್ಪ್ಯಾಡ್'ಗಳಿಗೆ, ಅಂದರೆ ಮಂತ್ರಿಗಳ ವಿಶೇಷ ಸಲಹೆಗಾರರಿಗೆ, 2010ರ ಕಾಯ್ದೆಯಡಿ ನೀತಿಸಂಹಿತೆ ಇದೆ. ಪಕ್ಷದ ದೃಷ್ಟಿಯಿಂದ ಸಲಹೆ ಕೊಡಬಹುದು, ಪಕ್ಷದೊಂದಿಗೆ ಸಂಪರ್ಕ ಇಟ್ಟುಕೊಳ್ಳಬಹುದು. ಆದರೆ ಸರ್ಕಾರಿ ಸಂಪನ್ಮೂಲವನ್ನು ಪಕ್ಷಕ್ಕೆ ಬಳಸುವಂತಿಲ್ಲ, ಸರ್ಕಾರದ ಖರ್ಚಿಗೆ ಮಂಜೂರಾತಿ ಕೊಡುವಂತಿಲ್ಲ. ಸಾರ್ವತ್ರಿಕ ಚುನಾವಣೆಯ ಪ್ರಚಾರಕ್ಕೆ ಇಳಿಯುವುದಾದರೆ ರಾಜೀನಾಮೆ ಕೊಟ್ಟೇ ಇಳಿಯಬೇಕು. ನಮ್ಮ ನೇಮಕಾತಿ ಆದೇಶಗಳಲ್ಲೂ ಇಷ್ಟು ಬರೆದರೆ ಸಾಕು. ಪೂರ್ತಿ ನಿಷೇಧಿಸಿದರೆ ಅದೇ ಕೆಲಸ ಕದ್ದುಮುಚ್ಚಿ ನಡೆಯುತ್ತೆ, ಅಷ್ಟೇ.

ಹಳೇಕಡತ: ಸರಿ, ಸಂಪನ್ಮೂಲ ಬಳಕೆಯನ್ನು ಪತ್ತೆ ಹಚ್ಚೋದು ಹೇಗೆ?

ನಿಯಮಾವಳಿ: ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ 150 ಪದ ಮೀರುವಂತಿಲ್ಲ, ಒಂದು ಅರ್ಜಿಗೆ ಒಂದೇ ವಿಷಯ; ಇದು ಗೊತ್ತಿಲ್ಲದೆ ಬಹಳಷ್ಟು ಅರ್ಜಿ ವಾಪಸ್ ಬರುತ್ತವೆ. ನೇಮಕಾತಿ ಆದೇಶಕ್ಕೊಂದು, ವಾಹನದ ಲಾಗ್‌ಬುಕ್‌ಗೊಂದು, ಪ್ರಯಾಣಭತ್ಯೆ ಬಿಲ್ಲಿಗೊಂದು ಹಾಕಿ. 'ಯಾಕೆ ಹೋದರು' ಅಂತ ಕೇಳಬೇಡಿ, ಅದು ದಾಖಲೆಯಲ್ಲ. 'ಇಂಥ ತಿಂಗಳ ಲಾಗ್‌ಬುಕ್ ಪುಟಗಳ ದೃಢೀಕೃತ ಪ್ರತಿ' ಅನ್ನಿ. ಉತ್ತರಕ್ಕೆ 30 ದಿನ, ಬರದಿದ್ದರೆ ಮೊದಲ ಮೇಲ್ಮನವಿ.

ತಕ್ಕಡಿ: ಲಾಗ್‌ಬುಕ್‌ನಲ್ಲಿ 'ಸ್ಥಳೀಯ ಕರ್ತವ್ಯ' ಅಂತಷ್ಟೇ ಇದ್ದರೆ ಕೈಬಿಡಬೇಡಿ. ಆ ದಿನದ ಆರಂಭದ ಮತ್ತು ಕೊನೆಯ ಕಿಲೋಮೀಟರ್ ಕಳೆದು ನೋಡಿ. ಬೆಂಗಳೂರಿನೊಳಗೆ ಒಂದೇ ದಿನ 800 ಕಿಲೋಮೀಟರ್ ಆಗಲ್ಲ. ಹುಬ್ಬಳ್ಳಿಗೆ ಹೋಗಿಬಂದರೆ ಆಗುತ್ತೆ.